ದರ್ಜಿಯ ಟೇಪು ಹೇಳಿದ ಭವಿಷ್ಯ

ಭವಿಷ್ಯ ತಿಳಿಯಲು ಜಾತಕವೇ ಬೇಕೆಂದು ನಾವು ನಂಬಿದ್ದೆವು. ಬಟ್ಟೆ ಹೊಲಿಯುವವರ ಟೇಪೂ ಭವಿಷ್ಯ ಹೇಳಬಲ್ಲದೆಂಬುದು ಒಂದು ಭಾನುವಾರ, ಉಧ್ನಾದ ನಮ್ಮ ಮನೆಯಲ್ಲೇ ತಿಳಿಯಿತು.

ಅಂದು ನೆರೆಯ ನಾಲ್ಕು ಕನ್ನಡ ಕುಟುಂಬಗಳು ಊಟಕ್ಕೆ ಸೇರಿದ್ದೆವು. ಹೋಳಿಗೆ ಬಂದಾಗ ಪಕ್ಕದ ಮನೆಯ ಹಿರಿಯರು ಎಲೆಗೆ ಕೈ ಅಡ್ಡ ಹಿಡಿದು, "ಬೇಡಮ್ಮ" ಎಂದರು. ಕಾಲಿನ ಗಾಯ ಎರಡು ತಿಂಗಳಾದರೂ ಮಾಯದೆ ರಕ್ತ ಪರೀಕ್ಷೆ ಮಾಡಿಸಿದಾಗಲೇ ಸಕ್ಕರೆ ಕಾಯಿಲೆ ಇರುವುದು ಅವರಿಗೆ ತಿಳಿದದ್ದು. "ಮೊದಲೇ ಗೊತ್ತಾಗಿದ್ದರೆ..." ಎಂದು ಅವರು ಮಾತು ನಿಲ್ಲಿಸಿದರು.

ಮೊದಲೇ ಅಂದಾಜು ಮಾಡುವ ಉಪಾಯ ಇಲ್ಲದಿಲ್ಲ. ಚೆನ್ನೈಯ ಡಾ. ವಿ. ಮೋಹನ್ ಮತ್ತು ಸಂಗಡಿಗರು 2005ರಲ್ಲಿ ಭಾರತೀಯರಿಗೆಂದೇ ಒಂದು ಅಂಕಪಟ್ಟಿ ಸಿದ್ಧಪಡಿಸಿದರು. ಇದಕ್ಕೆ ಸೂಜಿ ಬೇಡ, ನಾಲ್ಕು ಪ್ರಶ್ನೆ ಸಾಕು.

ವಯಸ್ಸು 35ರೊಳಗಿದ್ದರೆ ಸೊನ್ನೆ. 35ರಿಂದ 49ಕ್ಕೆ 20. 50 ಆದವರಿಗೆ 30. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಸೊನ್ನೆ. ಅಲ್ಲಿಂದ ಮುಂದಿನ ಹತ್ತು ಸೆಂಟಿಮೀಟರಿಗೆ 10. ಅದನ್ನೂ ಮೀರಿದರೆ 20. ನಿತ್ಯ ವ್ಯಾಯಾಮ, ಮೈಬಗ್ಗಿಸುವ ದುಡಿಮೆ ಎರಡೂ ಇದ್ದರೆ ಸೊನ್ನೆ, ಒಂದಿದ್ದರೆ 20, ಎರಡೂ ಇಲ್ಲದಿದ್ದರೆ 30. ತಂದೆತಾಯಿಗಳಲ್ಲಿ ಒಬ್ಬರಿಗೆ ಕಾಯಿಲೆಯಿದ್ದರೆ 10. ಇಬ್ಬರಿಗೂ ಇದ್ದರೆ 20. ಒಟ್ಟು 60 ಅಥವಾ ಹೆಚ್ಚಾದರೆ ಅಪಾಯ ಹೆಚ್ಚು.

ಮನೆಯವರ ಹೊಲಿಗೆ ಪೆಟ್ಟಿಗೆಯಿಂದ ಟೇಪು ಹೊರಬಂತು. ಹೊಟ್ಟೆ ಒಳಗೆಳೆದು ನಿಂತ ಗಂಡಸರನ್ನು ಮಕ್ಕಳೇ ಹಿಡಿದುಕೊಟ್ಟರು. ನಮ್ಮ ವಯಸ್ಸು 37, ಅದಕ್ಕೆ 20. ಸೊಂಟ 94, ಅದಕ್ಕೆ 10. ಗುಮಾಸ್ತಗಿರಿಯ ಕುರ್ಚಿಗೆ 30. ತಂದೆಯವರಿಂದ ಬಂದ ಆಸ್ತಿ 10. ಒಟ್ಟು 70! ಬಿ.ಎ.ಯಲ್ಲಿ ದಕ್ಕದ ಪ್ರಥಮ ದರ್ಜೆ ಇಲ್ಲಿ ದಕ್ಕಿತು. ಎಲ್ಲರೂ ನಕ್ಕರು; ನಮಗೆ ಮಾತ್ರ ರಾತ್ರಿ ನಿದ್ದೆ ಹತ್ತಲಿಲ್ಲ.

ಅಂಕ ಹೆಚ್ಚಾದರೆ ಕಾಯಿಲೆ ಬಂತೆಂದಲ್ಲ, ರಕ್ತ ಪರೀಕ್ಷೆ ಮಾಡಿಸಬೇಕೆಂದು ಅರ್ಥ. ಅಂಕ ಕಡಿಮೆಯೆಂದು ಮೈಮರೆಯುವಂತೆಯೂ ಇಲ್ಲ. ಚೆನ್ನೈಯ ಅಧ್ಯಯನದಲ್ಲೇ ಈ ಲೆಕ್ಕ ಕಾಯಿಲೆಯುಳ್ಳ ನೂರರಲ್ಲಿ ಸುಮಾರು 72 ಜನರನ್ನು ಮಾತ್ರ ಗುರುತಿಸಿತ್ತು.

ಮರುದಿನ ಬರಿಹೊಟ್ಟೆಯಲ್ಲಿ ಹೋಗಿ ರಕ್ತ ಕೊಟ್ಟೆವು. ಫಲಿತಾಂಶ 112. 126 ಮುಟ್ಟಿದರೆ, ಮತ್ತೊಮ್ಮೆ ನೋಡಿ ಕಾಯಿಲೆ ಎನ್ನುತ್ತಾರೆ; ನೂರರೊಳಗಿದ್ದರೆ ಚಿಂತೆಯಿಲ್ಲ. ನಾವು ಹೊಸ್ತಿಲ ಮೇಲೆ ನಿಂತಿದ್ದೆವು.

ಹೊಸ್ತಿಲಿನಿಂದ ಹಿಂದಕ್ಕೆ ಬರಬಹುದೆಂಬುದೇ ಸಮಾಧಾನ. ಇಂಥ ಅಪಾಯದ ಅಂಚಿನಲ್ಲಿದ್ದ 531 ಭಾರತೀಯರನ್ನು ಗಮನಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಆಹಾರ, ನಡಿಗೆಗಳನ್ನು ತಿದ್ದಿಕೊಂಡವರಲ್ಲಿ ಮೂರು ವರ್ಷಗಳಲ್ಲಿ ಕಾಯಿಲೆಯ ಅಪಾಯ ನೂರಕ್ಕೆ 28ರಷ್ಟು ಇಳಿದಿತ್ತು. ವಯಸ್ಸನ್ನೂ ತಂದೆತಾಯಿಗಳನ್ನೂ ಬದಲಿಸಲಾರೆವು. ಸೊಂಟ ಮತ್ತು ಕುರ್ಚಿ ನಮ್ಮ ಕೈಯಲ್ಲಿವೆ. ದಿನವೂ ನಡೆದು ಸೊಂಟವನ್ನು 90ರೊಳಗೆ ತಂದರೆ ನಮ್ಮ 70 ಅಂಕ 50ಕ್ಕೆ ಇಳಿಯುತ್ತದೆ.

ಈಗ ಸಂಜೆ ಎರಡು ನಿಲ್ದಾಣ ಮೊದಲೇ ಬಸ್ಸಿಳಿದು, ಮಗ್ಗಗಳ ಸದ್ದು ಕೇಳುತ್ತ ಮನೆಗೆ ನಡೆಯುತ್ತೇವೆ. ಬೇಳೆಗೂ ಬೆಲ್ಲ ಬೀಳುವ ನಾಡಿದು. ಚಹದ ಸಕ್ಕರೆಯನ್ನಾದರೂ ಬಿಟ್ಟಿದ್ದೇವೆ.

ವಾಚಕರೆ, 30 ದಾಟಿದವರ ತಪಾಸಣೆ ಸರಕಾರದ ಕಾರ್ಯಕ್ರಮದಲ್ಲೇ ಉಂಟು. ಆಶಾ ಕಾರ್ಯಕರ್ತೆಯರು ಟೇಪು, ಪ್ರಶ್ನೆಪಟ್ಟಿ ಹಿಡಿದು ಬಂದರೆ ಬಾಗಿಲಿನಿಂದಲೇ ಕಳುಹಿಸಬೇಡಿ. ಮುಂದಿನ ಹಬ್ಬದೂಟದಲ್ಲಿ ಹೋಳಿಗೆಯ ತಟ್ಟೆಯ ಪಕ್ಕ ಒಂದು ಟೇಪೂ ಇರಲಿ. ಗಾಯ ಮಾಯದೆ ಉಳಿದ ಮೇಲೆ "ಮೊದಲೇ ಗೊತ್ತಾಗಿದ್ದರೆ" ಎಂದು ನಮ್ಮಲ್ಲಿ ಇನ್ನೊಬ್ಬರು ನಿಟ್ಟುಸಿರಿಡುವುದು ಬೇಡ.