ಬೆಲೆ ಹುಡುಕಿದರೆ ಬಲಿ ಸಿಗುತ್ತಿತ್ತು

ಮಲೆನಾಡಿನ ಒಂದು ಪದವಿ ಕಾಲೇಜಿನ ಗ್ರಂಥಾಲಯಕ್ಕೆ ಹೋದದ್ದು ಹಳೆಯ ವಾರಪತ್ರಿಕೆಗಳ ಸಂಪುಟ ನೋಡಲು. ಆ ಕೆಲಸ ಹಾಗೇ ಉಳಿಯಿತು. ಗ್ರಂಥಪಾಲಕಿ ಮೇಜಿನ ಮೇಲಿದ್ದ ಕಂಪ್ಯೂಟರ್ ಪರದೆಯನ್ನು ನನ್ನತ್ತ ತಿರುಗಿಸಿ, “ಸರ್, ಮೊದಲೆಲ್ಲ ಇದರಲ್ಲಿ ‘ಬೆಲೆ’ ಅಂತ ಹಾಕಿದ್ರೆ ‘ಬಲಿ’ ಬರ್ತಿತ್ತು, ‘ಬಲೆ’ ಬರ್ತಿತ್ತು, ‘ಬಿಲ’ ಕೂಡ ಬರ್ತಿತ್ತು. ಯಾಕೆ ಹೇಳಿ ನೋಡೋಣ?” ಎಂದರು. ನನಗೆ ಹೊಳೆಯಲಿಲ್ಲ. ಅವರು ಬಿಡಿಸಿ ಹೇಳಿದ ಮೇಲೆ ಅದರ ಗುಂಗು ಇನ್ನೂ ಇಳಿದಿಲ್ಲ.

ಅಲ್ಲಿ ನಡೆಯುತ್ತಿರುವುದು ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ. ನಮ್ಮ ಕಾಲೇಜು ಗ್ರಂಥಾಲಯಗಳಲ್ಲಿ ಇನ್‌ಫ್ಲಿಬ್‌ನೆಟ್‌ನ ಸೋಲ್, ಎನ್‌ಐಸಿಯ ಇ-ಗ್ರಂಥಾಲಯಗಳ ಜೊತೆಗೆ ಕೇಳಿಬರುವ ಹೆಸರು. ಹುಟ್ಟಿದ್ದು ನ್ಯೂಜಿಲೆಂಡಿನಲ್ಲಿ. ಲೆವಿನ್ ಊರಿನ ಹೊರೊಫೆನುವಾ ಗ್ರಂಥಾಲಯ ಟ್ರಸ್ಟ್ ಬಳಸುತ್ತಿದ್ದ ಹಳೆಯ ತಂತ್ರಾಂಶ 2000ನೇ ಇಸವಿಯನ್ನು ದಾಟುವಂತಿರಲಿಲ್ಲ. ಕಾಟಿಪೊ ಎಂಬ ಸಣ್ಣ ಕಂಪನಿ 1999ರಲ್ಲಿ ಹೊಸದನ್ನು ಬರೆಯಿತು, 2000ದ ಜನವರಿಯಲ್ಲಿ ಅದು ಚಾಲೂ ಆಯಿತು. ಅದೇ ವರ್ಷ ಜಿಪಿಎಲ್ ಪರವಾನಗಿಯಲ್ಲಿ ಎಲ್ಲರಿಗೂ ಮುಕ್ತವಾಯಿತು. ಆಮೇಲಿನ ಕಥೆ ದೊಡ್ಡದು. ಇಲ್ಲಿ ಬೇಕಾದದ್ದು ಒಂದೇ ತಿರುವು. 2008ರ 3.0 ಆವೃತ್ತಿಯ ಹೊತ್ತಿಗೆ ಹುಡುಕಾಟದ ಕೆಲಸವನ್ನು ಡೇಟಾಬೇಸ್‌ನಿಂದ ಬಿಡಿಸಿ, ಡೆನ್ಮಾರ್ಕ್‌ನ ಇಂಡೆಕ್ಸ್ ಡೇಟಾ ಕಂಪನಿಯ ಜೀಬ್ರಾ ಎಂಬ ಇನ್ನೊಂದು ತಂತ್ರಾಂಶಕ್ಕೆ ಒಪ್ಪಿಸಿದ್ದರು.

ಈ ಕಾಲೇಜಿನ ‘ಸರ್ವರ್’ ಅಂದರೆ ಪರೀಕ್ಷಾ ವಿಭಾಗದವರು ಬಿಟ್ಟುಕೊಟ್ಟ ಒಂದು ಡೆಸ್ಕ್‌ಟಾಪ್. ಅದರಲ್ಲಿ ಡೆಬಿಯನ್, ಮರಿಯಾಡಿಬಿ, ಅಪಾಚಿ, ಕೋಹಾ, ಪಕ್ಕದಲ್ಲೊಂದು ಯುಪಿಎಸ್. ಪುಸ್ತಕ, ಓದುಗರು, ಎರವಲು, ದಂಡ ಎಲ್ಲವೂ ಮರಿಯಾಡಿಬಿ ಎಂಬ ಡೇಟಾಬೇಸ್‌ನ ಕೋಷ್ಟಕಗಳಲ್ಲಿರುತ್ತವೆ. ಜೀಬ್ರಾ ಅದೇ ದಾಖಲೆಗಳಿಂದ ಪದಗಳನ್ನು ಆರಿಸಿ ತನ್ನದೇ ಸೂಚಿ ಕಟ್ಟಿಕೊಳ್ಳುತ್ತದೆ. ಹೊಸ ಪುಸ್ತಕ ಸೇರಿಸಿದಾಗ ಅದು ಮೊದಲು ಒಂದು ಸರದಿಗೆ ಬೀಳುತ್ತದೆ, ಹಿನ್ನೆಲೆಯಲ್ಲಿ ಓಡುವ ಸೂಚಿಕಾರ ಪ್ರೋಗ್ರಾಂ ಅದನ್ನು ಎತ್ತಿಕೊಳ್ಳಬೇಕು. ಆ ಪ್ರೋಗ್ರಾಂ ನಿಂತುಹೋದರೆ ಪುಸ್ತಕ ಕಪಾಟಿನಲ್ಲೂ ಇದೆ, ಡೇಟಾಬೇಸ್‌ನಲ್ಲೂ ಇದೆ, ಹುಡುಕಿದರೆ ಮಾತ್ರ ಇಲ್ಲ. “ಹೊಸ ಪುಸ್ತಕ ಕಾಣಿಸ್ತಿಲ್ಲ ಮೇಡಂ” ಎಂಬ ದೂರು ಬಂದರೆ ಇವರು ಮೊದಲು ನೋಡುವುದೇ ಆ ಸರದಿಯನ್ನು.

ಇನ್ನು ‘ಬೆಲೆ’ಯ ವಿಷಯ. ಫ್ರೆಂಚ್, ಜರ್ಮನ್ ಭಾಷೆಗಳ ಅಕ್ಷರಗಳ ತಲೆಯ ಮೇಲೆ ಚುಕ್ಕೆ, ಗೀಟು ಇರುತ್ತವಲ್ಲ, ಓದುಗರು ಅವನ್ನು ಟೈಪ್ ಮಾಡದಿದ್ದರೂ ಪುಸ್ತಕ ಸಿಗಲಿ ಎಂದು ಸೂಚಿ ಕಟ್ಟುವಾಗ ಅವನ್ನು ಕಿತ್ತುಹಾಕುವ ರೂಢಿಯಿದೆ. ಜೀಬ್ರಾ ಬಳಸಬಲ್ಲ ಐಸಿಯು ಎಂಬ ಯೂನಿಕೋಡ್ ಸಲಕರಣೆಯಲ್ಲಿ ಇದಕ್ಕೆ ಒಂದೇ ಸಾಲಿನ ನಿಯಮ: ಅಕ್ಷರವನ್ನು ಬಿಡಿಸು, ಜಾಗ ಹಿಡಿಯದ ಗುರುತುಗಳನ್ನು ತೆಗೆ, ಉಳಿದದ್ದನ್ನು ಜೋಡಿಸು. ಈ ಕಾಲೇಜಿಗೆ ಕೋಹಾ ಹಾಕಿಕೊಟ್ಟವರು ಎಲ್ಲಿಂದಲೋ ಆ ಸಾಲನ್ನು ತಂದು ಸೇರಿಸಿದ್ದರು. ರೋಮನ್ ಲಿಪಿಗೆ ಅದು ಒಳ್ಳೆಯದನ್ನೇ ಮಾಡುತ್ತದೆ. ಕನ್ನಡದ ಗತಿ?

ಗುಡಿಸು, ಎತ್ವ, ಔತ್ವ, ಅರ್ಧಾಕ್ಷರದ ಗುರುತು, ಈ ನಾಲ್ಕೂ ಯೂನಿಕೋಡ್ ಪಟ್ಟಿಯಲ್ಲಿ ‘ಜಾಗ ಹಿಡಿಯದ’ ಗುರುತುಗಳು. ಇಳಿ, ಕೊಂಬು, ವಟ್ರಸುಳಿಗಳು ಅಕ್ಷರದ ಬಲಕ್ಕೆ ಜಾಗ ಹಿಡಿಯುವಂಥವು. ಹೀಗಾಗಿ ನಿಯಮ ಓಡಿದಾಗ ತಲೆಯ ಮೇಲಿನದು ಹೋಗುತ್ತದೆ, ಪಕ್ಕದ್ದು ಉಳಿಯುತ್ತದೆ. ಬೆಲೆ, ಬಲೆ, ಬಲಿ, ಬಿಲ, ಬರೀ ಬಲ, ಎಲ್ಲವೂ ಸೂಚಿಯಲ್ಲಿ ‘ಬಲ’ ಆಗಿ ಕೂರುತ್ತವೆ. ಮನೆ ಮನವಾಗುತ್ತದೆ. ಹಳ್ಳಿ ‘ಹಳಳ’ ಆಗುತ್ತದೆ. ಕಾಡು ಮಾತ್ರ ಕಾಡಾಗಿಯೇ ಉಳಿಯುತ್ತದೆ.

ನಾನು ಅಲ್ಲಿಗೇ ಬಿಡಲಿಲ್ಲ, ‘ಕೊಡು’ ಏನಾಗುತ್ತದೆ ಎಂದು ಕೇಳಿದೆ. ಅವರು ಕಾಗದ ಎಳೆದುಕೊಂಡು ಬರೆದರು. ಒಂದನೇ ತರಗತಿಯಲ್ಲಿ ಕಾಗುಣಿತ ಹೇಳುವಾಗ ಓತ್ವವನ್ನು ಎತ್ವಕ್ಕೆ ಕೊಂಬಿನ ಇಳಿ ಸೇರಿಸಿ ಬರೆಯುತ್ತೇವೆ. ಯೂನಿಕೋಡ್ ಕೂಡ ‘ೊ’ವನ್ನು ಬಿಡಿಸುವುದು ಹಾಗೆಯೇ: ಎತ್ವ ಒಂದು, ‘ೂ’ ಇನ್ನೊಂದು. ಎತ್ವವನ್ನು ಕಿತ್ತರೆ ‘ಕೊಡು’ ‘ಕೂಡು’ ಆಗಿಬಿಡುತ್ತದೆ! ಇನ್ನೂ ಒಂದಿದೆ. ‘ೀ’ ಎಂದರೆ ಗುಡಿಸು ಮತ್ತು ದೀರ್ಘ, ‘ೇ’ ಎಂದರೆ ಎತ್ವ ಮತ್ತು ದೀರ್ಘ. ಮೇಲಿನವು ಹೋದ ಮೇಲೆ ಎರಡರಲ್ಲೂ ಬರೀ ದೀರ್ಘ ಉಳಿಯುತ್ತದೆ. ಅಲ್ಲಿಗೆ ‘ಬೇರು’, ‘ಬೀರು’ ಒಂದೇ. ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಕಲಿಸಿದ ಕಾಗುಣಿತವೇ ಯಂತ್ರದ ಒಳಗೂ ಇದೆಯಲ್ಲ ಎಂದು ನಾನು ಮುಗುಳ್ನಗುತ್ತ ಕೂತುಬಿಟ್ಟೆ.

ಅವರು ಇದನ್ನು ಹಿಡಿದದ್ದು ಒಬ್ಬ ಬಿ.ಕಾಂ. ಹುಡುಗಿಯ ಗೊಣಗಾಟದಿಂದ. ಒಂದೊಂದೇ ಪದ ಹಾಕಿ ಪಟ್ಟಿ ಮಾಡಿದರು. ಯಾವ ಗುಣಿತ ಕಳೆದುಹೋಗುತ್ತಿದೆ ಎಂದು ಗೊತ್ತಾದ ಮೇಲೆ ಸಂರಚನಾ ಕಡತ ತೆರೆದು ಆ ಸಾಲನ್ನು ಅಳಿಸಿ, ಜೀಬ್ರಾಕ್ಕೆ ಇಡೀ ಸೂಚಿಯನ್ನು ಮತ್ತೆ ಕಟ್ಟಲು ಹೇಳಿದರು. ಪುಸ್ತಕದ ಒಂದು ದಾಖಲೆಯನ್ನೂ ಮುಟ್ಟಬೇಕಾಗಲಿಲ್ಲ. ಸೂಚಿಯನ್ನು ಎಷ್ಟು ಸಲ ಬೇಕಾದರೂ ಒಡೆದು ಕಟ್ಟಬಹುದು. ಡೇಟಾಬೇಸ್ ಹೋದರೆ ಹೋಯಿತು.

ಅದಕ್ಕೇ ಅವರ ನಿಜವಾದ ಕಾಳಜಿ ಇರುವುದು ಬ್ಯಾಕಪ್‌ನಲ್ಲಿ. ಡೆಬಿಯನ್ ಪ್ಯಾಕೇಜ್ ಮೂಲಕ ಕೋಹಾ ಹಾಕಿದರೆ ದಿನಕ್ಕೊಮ್ಮೆ ತಾನಾಗಿಯೇ ಬ್ಯಾಕಪ್ ಆಗುತ್ತದೆ. ಆದರೆ ಅದು ಕೂರುವುದು ಅದೇ ಯಂತ್ರದ ಡಿಸ್ಕ್‌ನಲ್ಲಿ, ಇಟ್ಟುಕೊಳ್ಳುವುದು ಎರಡೇ ದಿನದ್ದು. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ. ಇವರು ಪ್ರತಿ ಶನಿವಾರ ಹೊರಗಿನ ಡಿಸ್ಕ್‌ಗೆ ನಕಲಿಸಿ ಪ್ರಾಂಶುಪಾಲರ ಕಪಾಟಿನಲ್ಲಿಡುತ್ತಾರೆ. ತಿಂಗಳಿಗೊಮ್ಮೆ ಆ ನಕಲನ್ನು ಹಳೆಯ ಲ್ಯಾಪ್‌ಟಾಪ್‌ನಲ್ಲಿ ತೆರೆದು, ಪುಸ್ತಕಗಳ ಎಣಿಕೆ ಹೊಂದುತ್ತದೆಯೇ ಎಂದು ನೋಡುತ್ತಾರೆ. ತೆರೆದು ನೋಡದ ಬ್ಯಾಕಪ್ಪನ್ನು ನಂಬುವುದಿಲ್ಲ ಎಂಬ ಅವರ ಮಾತಿಗೆ ನನ್ನದೂ ಪೂರ್ತಿ ಒಪ್ಪಿಗೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಅಸಮಾಧಾನ ಉಳಿದಿದೆ. ಹೊಸ ಪುಸ್ತಕದ ವಿವರವನ್ನು ಕೈಯಿಂದ ತುಂಬುವ ಬದಲು ಝೆಡ್39.50 ಎಂಬ ಗ್ರಂಥಾಲಯಗಳ ನಡುವಿನ ಸಂಪರ್ಕ ವಿಧಾನದ ಮೂಲಕ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಎಳೆದುಕೊಳ್ಳುವ ಅನುಕೂಲ ಕೋಹಾದಲ್ಲಿದೆ. ಇಂಗ್ಲಿಷ್ ಪುಸ್ತಕಕ್ಕೆ ಅದು ವರ. ಕನ್ನಡ ಪುಸ್ತಕಗಳ ಎಷ್ಟೋ ದಾಖಲೆಗಳು ಮಾತ್ರ ಕೆಳಚುಕ್ಕೆ, ಮೇಲ್ಗೀಟುಗಳ ರೋಮನ್ ಲಿಪಿಯಲ್ಲೇ ಬರುತ್ತವೆ. ಶೀರ್ಷಿಕೆ ಕೂರುವ 245ನೇ ಕ್ಷೇತ್ರದಲ್ಲಿ ಅದನ್ನೇ ಬಿಟ್ಟರೆ, ಕನ್ನಡದಲ್ಲಿ ಟೈಪ್ ಮಾಡುವ ವಿದ್ಯಾರ್ಥಿಗೆ ಕನ್ನಡ ಪುಸ್ತಕವೇ ಸಿಗುವುದಿಲ್ಲ. ಹಿಂದೆ ‘ನುಡಿ’ ತಂತ್ರಾಂಶದ ಆಸ್ಕಿ ಅಕ್ಷರಗಳಲ್ಲಿ ತಯಾರಾದ ಪಟ್ಟಿಗಳದ್ದು ಇನ್ನೊಂದು ಗೋಳು: ಯೂನಿಕೋಡ್‌ಗೆ ಬದಲಿಸದೆ ಸೇರಿಸಿದರೆ ಡೇಟಾಬೇಸ್ ತುಂಬ ಲ್ಯಾಟಿನ್ ಗೀಚು. ಇದನ್ನೆಲ್ಲ ಇವರೊಬ್ಬರೇ, ಎರವಲು ಕೌಂಟರಿನ ಕೆಲಸದ ನಡುವೆ ತಿದ್ದುತ್ತಿದ್ದಾರೆ. ಯಂತ್ರಕ್ಕೆ ದುಡ್ಡು ಹುಡುಕುವ ಕಾಲೇಜುಗಳು ಈ ಕೆಲಸಕ್ಕೆ ಇನ್ನೊಬ್ಬ ಮನುಷ್ಯರನ್ನು ಕೊಡಲೇಬೇಕು.

ಕೋಹಾದ ಹೊಸ ಆವೃತ್ತಿ ಪ್ರತಿ ಮೇ ಮತ್ತು ನವೆಂಬರ್‌ನಲ್ಲಿ ಬರುತ್ತದೆ. ಅವರು ಬಂದ ಕೂಡಲೇ ಏರಿಸುವವರಲ್ಲ. ಮೊದಲು ಲ್ಯಾಪ್‌ಟಾಪ್‌ನಲ್ಲಿ ಹಾಕಿ, ಸೂಚಿ ಕಟ್ಟಿ, ತಮ್ಮ ಪದಪಟ್ಟಿಯನ್ನು ಒಂದೊಂದಾಗಿ ಹುಡುಕಿ ನೋಡುತ್ತಾರೆ. ಸರ್ವರ್‌ಗೆ ಏರಿಸುವುದು ದಸರಾ ರಜೆಯಲ್ಲಿ, ಎರವಲು ನಿಂತಿರುವ ದಿನ. ನಾನು ಹೊರಡುವಾಗ ಆ ಪಟ್ಟಿಗೆ ‘ರಾಜ್‌ಕುಮಾರ್’ ಸೇರಿಸುತ್ತಿದ್ದರು: ನಡುವೆ ಕಾಣದ ಸೊನ್ನೆ ಅಗಲದ ಚಿಹ್ನೆ ಇಟ್ಟು ಒಮ್ಮೆ, ಇಡದೆ ಇನ್ನೊಮ್ಮೆ.