ವಿಭೂತಿಯ ಮಡುವಿಗೆ ಕಾಡುದಾರಿ

ಉತ್ತರಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನಲ್ಲಿ, ಅಚವೆಗೆ ಸಮೀಪದ ಮಾಬಗಿಯ ಬಳಿ, ವಿಭೂತಿ ಎಂಬ ಹೆಸರಿನ ಜಲಪಾತವೊಂದಿದೆ. ನಿತ್ಯವೂ ಹಣೆಗೆ ಭಸ್ಮವನ್ನು ಧರಿಸುವ ಮನೆತನದವರಿಗೆ ಈ ಹೆಸರು ಕಿವಿಗೆ ಬಿದ್ದೊಡನೆ ಕುತೂಹಲ ಹುಟ್ಟುವುದು ಸಹಜ. ಅಲ್ಲಿಯ ಬಂಡೆಗಳು ಸುಣ್ಣಕಲ್ಲಿನವು. ಬೂದಿ ಬಳಿದಂತಹ ಅವುಗಳ ಬಿಳುಪೇ ಈ ಹೆಸರಿಗೆ ಕಾರಣವೆನ್ನುತ್ತಾರೆ. ಇದೇ ಅರಣ್ಯದಲ್ಲಿ ಕೆಲವು ಮೈಲಿಗಳಾಚೆ, ಕುಮಟಾ ತಾಲೂಕಿಗೆ ಸೇರಿದ ಯಾಣದ ಕರಿಶಿಖರಗಳಿವೆ. ಭೈರವೇಶ್ವರ ಶಿಖರದ ಎತ್ತರ 120 ಮೀಟರು, ಮೋಹಿನಿ ಶಿಖರದ್ದು 90 ಮೀಟರು. ಭಸ್ಮಾಸುರನು ಮೋಹಿನಿಯ ಮಾಯೆಗೆ ಸಿಲುಕಿ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಸುಟ್ಟುಹೋದ ಸ್ಥಳ ಇದೆಂದು ಜನ ನಂಬುತ್ತಾರೆ. ಅಲ್ಲಿಯ ಕಪ್ಪು ಮಣ್ಣು ಆ ಸುಡುವಿಕೆಯ ಬೂದಿಯಂತೆ!

ಪುರಾಣದ ಮಾತು ಹಾಗಿರಲಿ. ಕಲ್ಲಿನ ಮಾತೂ ಸ್ವಾರಸ್ಯವುಳ್ಳದ್ದೇ. ಮಳೆಯ ನೀರು ಗಾಳಿಯಿಂದಲೂ ಕಾಡಿನ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ನೀರಿಗೆ ಸುಣ್ಣಕಲ್ಲು ಸ್ವಲ್ಪಸ್ವಲ್ಪವಾಗಿ ಕರಗುತ್ತದೆ. ಲಕ್ಷಾಂತರ ವರ್ಷಗಳ ಈ ಕರಗುವಿಕೆಯೇ ಯಾಣದ ಬಂಡೆಗಳನ್ನು ಗರಗಸದ ಹಲ್ಲಿನಂತೆ ಕೊರೆದಿದೆ. ಕರಗಿದ ಸುಣ್ಣವನ್ನು ಹೊತ್ತ ನೀರು ಎತ್ತರದಿಂದ ಚಿಮ್ಮಿ ಬೀಳುವ ಎಡೆಯಲ್ಲಿ ಆ ಅನಿಲವು ಹಾರಿಹೋಗಿ, ಸುಣ್ಣವು ಮತ್ತೆ ಬಂಡೆಗೆ ಪೊರೆಯಾಗಿ ಅಂಟುವುದೂ ಉಂಟು.

“ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ” ಎಂಬ ಗಾದೆ ಆ ಸೀಮೆಯಲ್ಲಿ ಹಳೆಯದು. ಯಾಣದ ಕಾಡುದಾರಿ ಅಷ್ಟು ದುರ್ಗಮವಾಗಿತ್ತು. ಈಗ ಮೋಟಾರು ರಸ್ತೆಯಾಗಿ ಸೊಕ್ಕಿಲ್ಲದವರೂ ಹೋಗಿಬರುತ್ತಾರೆ. ವಿಭೂತಿಗಾದರೋ ವಾಹನ ನಿಲ್ಲುವ ಸ್ಥಳದಿಂದ ಸುಮಾರು ಒಂದು ಕಿಲೋಮೀಟರಿನ ನಡಿಗೆ ಮಾತ್ರ. ಆದರೆ ಯಾಣದಿಂದ ವಿಭೂತಿಗೆ ಕಾಲ್ನಡಿಗೆಯ ದಾರಿಯೂ ಇದೆ; ಕಾಡಿನ ನಿಜವಾದ ಪರಿಚಯವಾಗುವುದು ಅದರಲ್ಲಿಯೇ. ಅರಣ್ಯ ಇಲಾಖೆಯ ಅನುಮತಿ ಮತ್ತು ದಾರಿ ಬಲ್ಲ ಸ್ಥಳೀಯರ ಜೊತೆ, ಇವೆರಡೂ ಇಲ್ಲದೆ ಅತ್ತ ಕಾಲಿಡಬಾರದು.

ಒಂದು ಮಾಘಮಾಸದಲ್ಲಿ ನಾವು ಧಾರವಾಡದ ಕಡೆಯ ಮೂರು ಕುಟುಂಬಗಳೊಂದಿಗೆ ಆ ದಾರಿಯಲ್ಲಿ ನಡೆದೆವು. ಬೆತ್ತದ ಪೊದೆ, ಹೆಜ್ಜೆಗೆ ಸರಸರನೆನ್ನುವ ದರಕು, ಮೇಲೆ ಬಿಸಿಲು ಇಳಿಯಗೊಡದ ಎಲೆಗಳ ಚಪ್ಪರ. ನಡುನಡುವೆ ಹಳ್ಳಗಳು. ಕೆಲವಕ್ಕೆ ಕಾಲುಸಂಕವಿತ್ತು, ಕೆಲವಕ್ಕೆ ಇರಲಿಲ್ಲ. ಬಯಲುಸೀಮೆಯ ನಮಗೆ ಹರಿಯುವ ನೀರನ್ನು ದಾಟುವ ಅಭ್ಯಾಸ ಕಡಿಮೆ. ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡು, ಸೀರೆಯ ನಿರಿಗೆಯನ್ನೋ ಧೋತರದ ಅಂಚನ್ನೋ ಎತ್ತಿ ಹಿಡಿದು, ಕಲ್ಲಿಂದ ಕಲ್ಲಿಗೆ ಜಿಗಿಯುವುದೇ ದಾಟುವ ಕ್ರಮವೆಂದು ಎಲ್ಲರೂ ತಿಳಿದಿದ್ದರು.

ಜೊತೆಗಿದ್ದ ಊರಿನ ಹಿರಿಯರು ಅದನ್ನು ಕಂಡು ನಕ್ಕು, ಮೊದಲ ಹಳ್ಳದಲ್ಲಿಯೇ ಪಾಠ ಹೇಳಿದರು. ನೀರಿನ ಮೇಲೆ ತಲೆಯೆತ್ತಿದ ಕಲ್ಲಿಗೆ ಹಾವಸೆ ಕಟ್ಟಿರುತ್ತದೆ, ಅದರ ಮೇಲೆ ಕಾಲಿಡಬೇಡಿ. ನೀರಿನ ತಳದಲ್ಲಿಯೇ ಹೆಜ್ಜೆಯಿಡಿ. ಪಾದರಕ್ಷೆ ಕಾಲಿನಲ್ಲಿಯೇ ಇರಲಿ. ಹಳ್ಳ ಅಗಲವಾಗಿರುವ ಕಡೆ ಆಳ ಕಡಿಮೆ, ಇಕ್ಕಟ್ಟಾದ ಕಡೆ ಸೆಳವು ಹೆಚ್ಚು. ಮುಖ ನೀರು ಬರುವ ದಿಕ್ಕಿಗಿರಲಿ, ಕೋಲನ್ನು ಮುಂದೆ ಊರಿ ಪಕ್ಕಕ್ಕೆ ಒಂದೊಂದೇ ಹೆಜ್ಜೆ ಸರಿಯಿರಿ. ನಾವು ಅನೇಕ ಶಾಸ್ತ್ರಗಳನ್ನು ಓದಿದ್ದೇವೆ. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಉಪಯುಕ್ತವಾದ ಉಪದೇಶವನ್ನು ಕೇಳಿದ್ದು ಅಪರೂಪ.

ಮಳೆಗಾಲದಲ್ಲಾದರೆ ಈ ಉಪದೇಶವೂ ಸಾಲದು. ಇಲ್ಲಿ ಬಿಸಿಲಿರುವಾಗಲೇ ಮೇಲೆ ಘಟ್ಟದಲ್ಲಿ ಮಳೆ ಸುರಿದು ಹಳ್ಳ ಹಠಾತ್ತನೆ ಏರುತ್ತದೆ. ತಿಳಿನೀರು ಕೆಂಪಾಗುವುದು, ಎಲೆಕಡ್ಡಿಗಳು ರಾಶಿಯಾಗಿ ತೇಲಿಬರುವುದು, ನೀರಿನ ಸದ್ದು ಬದಲಾಗುವುದು, ಇವೇ ಅದರ ಸೂಚನೆಗಳು. ಕಂಡೊಡನೆ ದಡ ಸೇರಬೇಕು. 2024ರ ಜುಲೈ 16ರಂದು ಇದೇ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವೇ ಜರಿದು ಜೀವಹಾನಿಯಾದುದನ್ನು ಓದುಗರು ಮರೆತಿರಲಾರರು. ಆ ಸೀಮೆಯ ಮಳೆಯ ಬಲ ಅಂತಹುದು.

ಜಲಪಾತದ ಬುಡದಲ್ಲಿ ಮಡುವಿದೆ. ಹಸುರು ಛಾಯೆಯ ತಿಳಿನೀರು, ಮೈ ಜುಮ್ಮೆನಿಸುವ ತಂಪು. ನಮ್ಮೊಂದಿಗಿದ್ದ ಹದಿನಾರರ ಹುಡುಗನೊಬ್ಬ ಅಂಗಿ ಕಳಚಿ ಬಂಡೆಯನ್ನೇರಿ, “ಅಜ್ಜಾರ, ಒಂದ ಸಲ ಹಾರತೀನ್ರಿ” ಎಂದ. ನಾವು ಉತ್ತರಿಸುವ ಮೊದಲೇ ಆ ಹಿರಿಯರು ಅವನ ರಟ್ಟೆ ಹಿಡಿದಿದ್ದರು. “ಹಾರೂದು ಬ್ಯಾಡ ತಮಾ, ಕೆಳಗೆ ಮರ ಬಿದ್ಕಂಡದೆ.” ಬಳಿಕ ತಮ್ಮ ಉದ್ದನೆಯ ಕೋಲನ್ನು ನೀರಿಗಿಳಿಸಿ ತಡಕಿ ತೋರಿಸಿದರು. ಹಿಂದಿನ ಮಳೆಗಾಲ ತಂದು ಕೆಡವಿದ್ದ ಒಂದು ದಿಮ್ಮಿ, ಹುಡುಗ ಹಾರಲು ನಿಂತಿದ್ದ ಎಡೆಗೆ ನೇರವಾಗಿ, ನೀರಿನೊಳಗೆ ಮೂರಡಿಯಲ್ಲಿತ್ತು. ಬೆಳಕಿನ ಹೊಳಪಿನಲ್ಲಿ ನಮ್ಮಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಹುಡುಗನ ತಾಯಿ ಬಂಡೆಯ ಮೇಲೆ ಕುಸಿದು ಕುಳಿತರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ.

ತಿಳಿನೀರು ಆಳದ ವಿಷಯದಲ್ಲಿಯೂ ಕಣ್ಣನ್ನು ವಂಚಿಸುತ್ತದೆ. ಎಂಟಡಿ ಆಳ ಮೇಲಿಂದ ಆರಡಿಯಂತೆ ತೋರುತ್ತದೆ. ಧುಮುಕುವ ನೀರಿನ ಬುಡದಲ್ಲಿ ನೊರೆಯೊಳಗೆ ಗಾಳಿ ಬೆರೆತಿರುವುದರಿಂದ ಅದು ದೇಹವನ್ನು ತೇಲಿಸಲಾರದು. ಒಳ್ಳೆಯ ಈಜುಗಾರನೂ ಅಲ್ಲಿ ಸೋಲುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು.

ಆ ದಿನ ಗಂಡುಮಕ್ಕಳು ಮಡುವಿನ ಅಂಚಿನಲ್ಲಿ, ಸೊಂಟದ ಮಟ್ಟದ ನೀರಿನಲ್ಲಿ ಮಿಂದರು. ಹೆಣ್ಣುಮಕ್ಕಳು ಕಾಲು ಇಳಿಬಿಟ್ಟು ದಡದಲ್ಲಿ ಕುಳಿತರು. ಹನ್ನೆರಡರ ಬಾಲಕಿಯೊಬ್ಬಳು ತನ್ನ ತಂದೆಯನ್ನು, “ಅಪ್ಪಾ, ಅಣ್ಣಗ ಈಜ ಕಲಿಸೀರಿ, ನನಗ್ಯಾಕ ಕಲಿಸಲಿಲ್ಲ?” ಎಂದು ಕೇಳಿದಳು. ತಂದೆ ನಮ್ಮ ಮುಖ ನೋಡಿದರು. ನಾವಾದರೂ ಏನು ಹೇಳಬೇಕು? ಮಠದ ಪಾಠಶಾಲೆಯಲ್ಲಿದ್ದಾಗ ನಾವು ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತೆವು. ಅದೇ ಬಾವಿಯಿಂದ ದಿನವೂ ನೀರು ಸೇದುತ್ತಿದ್ದ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೂ ಯಾರೂ ಕಲಿಸಲಿಲ್ಲ. ನೀರಿನ ಹತ್ತಿರ ಹೆಚ್ಚು ಹೊತ್ತು ಇರುವವರು ಯಾರು, ಅದರ ವಿದ್ಯೆ ಪಡೆದವರು ಯಾರು! ಈ ಅನ್ಯಾಯಕ್ಕೆ ಸಂಪ್ರದಾಯದ ಹೆಸರು ಹೇಳುವುದನ್ನು ನಾವು ಒಪ್ಪುವುದಿಲ್ಲ. ಇಂದು ಬಾವಿಗಳು ಬತ್ತಿವೆ. ಆದರೆ ಪಟ್ಟಣಗಳ ಈಜುಕೊಳಗಳಲ್ಲಿ ಹಲವೆಡೆ ಮಹಿಳೆಯರಿಗೆ ಪ್ರತ್ಯೇಕ ವೇಳೆಯುಂಟು. ಮಗಳನ್ನು ಸಂಗೀತದ ಪಾಠಕ್ಕೆ ಕಳಿಸುವ ತಂದೆತಾಯಿಗಳು ಅಲ್ಲಿಗೂ ಕಳಿಸಬಹುದು.

ಇನ್ನೊಂದು ಮಾತು. ಮಡುವನ್ನು ತೀರ್ಥವೆಂದು ಭಾವಿಸುವ ನಮ್ಮ ಜನರೇ ಅದರಲ್ಲಿ ಸಾಬೂನು ಹಚ್ಚಿ ಮೀಯುತ್ತಾರೆ, ಊದುಬತ್ತಿಯ ಪೊಟ್ಟಣ, ಬುತ್ತಿಯ ಪ್ಲಾಸ್ಟಿಕ್ ಚೀಲ ಬಿಟ್ಟು ಬರುತ್ತಾರೆ. ಯಾಣದಲ್ಲಿ ಹುಟ್ಟುವ ಚಂಡಿಹೊಳೆ ಉಪ್ಪಿನಪಟ್ಟಣದಲ್ಲಿ ಅಘನಾಶಿನಿಯನ್ನು ಸೇರುತ್ತದೆ. ದೊಡ್ಡ ಅಣೆಕಟ್ಟಿಲ್ಲದೆ ಕಡಲು ಸೇರುವ ಕೆಲವೇ ನದಿಗಳಲ್ಲಿ ಅದೊಂದು. ಆ ಕಣಿವೆಯ ಒಂದು ಭಾಗವನ್ನು ಸರಕಾರವು 2011ರಲ್ಲಿ ಸಿಂಗಳೀಕಗಳಿಗಾಗಿ ಸಂರಕ್ಷಣಾ ಮೀಸಲೆಂದು ಸಾರಿದೆ. ಗಿಡಗಳನ್ನು ಮಕ್ಕಳಂತೆ ಸಾಕಿ 2020ರ ಪದ್ಮಶ್ರೀ ಪಡೆದ, 2024ರ ಡಿಸೆಂಬರಿನಲ್ಲಿ ತೀರಿಕೊಂಡ ತುಳಸಿ ಗೌಡರು ಈ ಅಂಕೋಲಾ ತಾಲೂಕಿನವರೇ. ಅಂತಹವರ ನೆಲದಲ್ಲಿ ಕಸ ಚೆಲ್ಲಿ ಬರಲು ನಮಗೆ ನಾಚಿಕೆಯಾಗಬೇಕು.

ಹೋಗಬಯಸುವವರಿಗೆ ನವೆಂಬರಿನಿಂದ ಫೆಬ್ರುವರಿಯವರೆಗಿನ ಕಾಲ ಉತ್ತಮ. ಬೇಸಗೆಯಲ್ಲಿ ನೀರು ಕ್ಷೀಣಿಸುತ್ತದೆ. ಮಳೆಗಾಲದಲ್ಲಿ ದೂರದಿಂದ ನೋಡಿ ಮರಳಬೇಕು, ಉಂಬಳದ ಕಾಟವೂ ಆಗ ಬಹಳ. ಬುತ್ತಿ, ಕುಡಿಯುವ ನೀರು, ಒಂದು ಗಟ್ಟಿ ಕೋಲು, ಮೂವತ್ತು ಅಡಿಯ ಹಗ್ಗ ಜೊತೆಗಿರಲಿ. ಕಾಡಿನಲ್ಲಿ ಬೇಗ ಕತ್ತಲಾಗುವುದರಿಂದ ಮಧ್ಯಾಹ್ನ ಮೂರರ ಹೊತ್ತಿಗೆ ಮಡುವಿನಿಂದ ಹೊರಟುಬಿಡಬೇಕು.