ಉಸ್ತಾದರಿಲ್ಲದ ಊರಿನಲ್ಲಿ ಜಾಝ್ ಗಿಟಾರ್

ನಮ್ಮ ಮನೆಮಾತು ಉರ್ದು. ಅದರಲ್ಲಿ ‘ಉಸ್ತಾದ್’ ಎನ್ನುವ ಮಾತು ಬಹಳ ಜನರಿಗೆ ಸಲ್ಲುತ್ತದೆ. ಮದರಸಾದಲ್ಲಿ ಪಾಠ ಹೇಳುವವರು ಉಸ್ತಾದ್, ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿ ತೋರಿಸುವವರು ಉಸ್ತಾದ್, ಸಿತಾರ್ ನುಡಿಸುವವರೂ ಉಸ್ತಾದ್. ಕೆಲಸ ಯಾವುದೇ ಇರಲಿ, ಎದುರು ಕೂತು ಅವರ ಕೈ ನೋಡಿ ಕಲಿಯಬೇಕು ಎಂಬುದು ಆ ಮಾತಿನೊಳಗೇ ಇದೆ. ಹೊಸಬಾಳೆಯಲ್ಲಿ ಗಿಟಾರ್ ಹಿಡಿದ ನನ್ನಂಥವನ ಕಷ್ಟ ಇಲ್ಲೇ ಶುರುವಾಗುತ್ತದೆ. ಅಡಿಕೆ ಸುಲಿದ ಕೂಲಿಯಲ್ಲಿ ಗಿಟಾರ್ ಬಂತು, ಎದುರು ಕೂರಿಸಿಕೊಳ್ಳುವ ಉಸ್ತಾದರು ಬರಲಿಲ್ಲ. ಅದರಲ್ಲೂ ನನಗೆ ಇಷ್ಟವಾದದ್ದು ಜಾಝ್. ಹಾಗಾದರೆ ಕಲಿಯಲು ಸಾಧ್ಯವೇ? ಜಾಝ್ ಗಿಟಾರ್‌ನ ದೊಡ್ಡ ಹೆಸರುಗಳಲ್ಲಿ ಒಬ್ಬರು ಕಲಿತದ್ದೇ ಹಾಗೆ. ಆ ಕಥೆಯನ್ನೂ ಅವರ ಕೈಚಳಕವನ್ನೂ ಇಲ್ಲಿ ವಿವರಿಸಲು ನೋಡುತ್ತೇನೆ.

ಮೊದಲು ಜಾಝ್ ಎಂದರೇನು ಎಂಬುದು ಗೊತ್ತಿರಬೇಕು. ಇದು ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಸಂಗೀತ. ಒಂದು ಹಾಡಿನ ಧಾಟಿಯನ್ನು ಒಮ್ಮೆ ನುಡಿಸುತ್ತಾರೆ. ಆಮೇಲೆ ಅದೇ ಅಳತೆಯ ಸುತ್ತು ಮತ್ತೆ ಮತ್ತೆ ತಿರುಗುತ್ತಿರುವಾಗ ಒಬ್ಬೊಬ್ಬರೂ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುತ್ತಾರೆ. ತಾಳದ ಆವರ್ತನದೊಳಗೆ ತಾನ್ ಹಾಕಿ ಸಮಕ್ಕೆ ಬಂದು ಸೇರುವುದನ್ನು ಕೇಳಿದವರಿಗೆ ಇದು ತೀರಾ ಹೊಸದಲ್ಲ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ನಮ್ಮಲ್ಲಿ ಷಡ್ಜ ಅಲುಗದೆ ನಿಂತಿರುತ್ತದೆ. ಜಾಝ್‌ನಲ್ಲಿ ಕಾಲಡಿಯ ನೆಲವೇ ಬದಲಾಗುತ್ತಿರುತ್ತದೆ. ಆ ನೆಲಕ್ಕೆ ಕಾರ್ಡ್ ಎನ್ನುತ್ತಾರೆ.

ಹಾರ್ಮೋನಿಯಂ ಮುಟ್ಟಿದವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಸ, ಗ, ಪ ಮೂರನ್ನೂ ಒಟ್ಟಿಗೆ ಒತ್ತಿದರೆ ಒಂದು ಕಾರ್ಡ್. ಇದು ಮನೆಗೆ ಬಂದು ಕೂತಂತೆ ಕೇಳುತ್ತದೆ. ಪ, ನಿ, ರಿ, ಮ ನಾಲ್ಕನ್ನು ಒಟ್ಟಿಗೆ ಒತ್ತಿದರೆ ಇನ್ನೊಂದು ಕಾರ್ಡ್. ಇದು ಬಸ್ ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ನಿಂತಂತೆ, ಎಲ್ಲಿಗೋ ಹೊರಟಿದೆ ಅನ್ನಿಸುತ್ತದೆ. ಎರಡನೆಯದರಿಂದ ಮೊದಲನೆಯದಕ್ಕೆ ಬಂದಾಗ ‘ಮ’ ಒಂದು ಮನೆ ಇಳಿದು ‘ಗ’ ಆಗುತ್ತದೆ, ‘ನಿ’ ಒಂದು ಮನೆ ಏರಿ ‘ಸ’ ಆಗುತ್ತದೆ. ಕಿವಿಗೆ ಸಮಾಧಾನ ಸಿಗುವುದು ಈ ಎರಡು ಸಣ್ಣ ಹೆಜ್ಜೆಗಳಲ್ಲಿ. ಒಳ್ಳೆಯ ಜಾಝ್ ಗಿಟಾರಿಸ್ಟ್ ಎಷ್ಟು ವೇಗವಾಗಿ ಓಡಿದರೂ ಕಾರ್ಡ್ ಬದಲಾಗುವ ಜಾಗದಲ್ಲಿ ಸರಿಯಾದ ಸ್ವರದ ಮೇಲೆ ಕಾಲಿಡುತ್ತಾನೆ. ಬೆರಳಿನ ವೇಗವೇ ಟೆಕ್ನಿಕ್ ಎಂದು ತಿಳಿದವರು ಬಹಳ. ನನ್ನ ಪ್ರಕಾರ ಈ ಕಾಲಿಡುವುದೇ ಮುಖ್ಯ.

ಇದನ್ನು ಗಿಟಾರ್‌ನಲ್ಲಿ ಸ್ಪಷ್ಟವಾಗಿ ಮಾಡಿ ತೋರಿಸಿದವರು ಚಾರ್ಲಿ ಕ್ರಿಶ್ಚಿಯನ್. ಅವರಿಗಿಂತ ಮುಂಚೆ ದೊಡ್ಡ ಬ್ಯಾಂಡುಗಳಲ್ಲಿ ಗಿಟಾರ್ ಹೆಚ್ಚಾಗಿ ಹಿಂದೆ ಕೂತು ತಾಳ ಕೊಡುವ ವಾದ್ಯ. ತುತ್ತೂರಿಗಳ ಸದ್ದಿನಲ್ಲಿ ಅದು ಕೇಳಿಸುತ್ತಲೂ ಇರಲಿಲ್ಲ. ಕ್ರಿಶ್ಚಿಯನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಒಂದೊಂದೇ ಸ್ವರ ನುಡಿಸುತ್ತಾ ಸ್ಯಾಕ್ಸೊಫೋನಿನಂತೆ ಮಾತಾಡಿಸಿದರು. ಅವರು ಕಿವಿಗೊಟ್ಟದ್ದೂ ಲೆಸ್ಟರ್ ಯಂಗ್ ಎಂಬ ಸ್ಯಾಕ್ಸೊಫೋನ್ ವಾದಕರಿಗೆ. 1939ರಲ್ಲಿ ಬೆನ್ನಿ ಗುಡ್‌ಮನ್ ಅವರ ತಂಡ ಸೇರಿದರು, 1942ರಲ್ಲಿ ಕ್ಷಯದಿಂದ ತೀರಿಕೊಂಡರು. ಆಗ ಅವರಿಗೆ 25 ವರ್ಷ. ಉಳಿದದ್ದು ಕೆಲವು ರೆಕಾರ್ಡುಗಳು.

ಆ ರೆಕಾರ್ಡುಗಳನ್ನು ಇಂಡಿಯಾನಾಪೊಲಿಸ್ ಎಂಬ ಊರಿನ ಒಬ್ಬ ಯುವಕ ಕೇಳಿದ. ಹೆಸರು ವೆಸ್ ಮಾಂಟ್ಗೊಮರಿ, ಹುಟ್ಟಿದ್ದು 1923ರಲ್ಲಿ. ಸುಮಾರು ಇಪ್ಪತ್ತರ ವಯಸ್ಸು, ಮದುವೆಯಾಗಿತ್ತು, ಸಂಗೀತದ ಲಿಪಿ ಓದಲು ಬರುತ್ತಿರಲಿಲ್ಲ. ಆತ ಒಂದು ಗಿಟಾರ್ ಕೊಂಡು, ಕ್ರಿಶ್ಚಿಯನ್ ನುಡಿಸಿದ್ದನ್ನು ಕೇಳಿ ಕೇಳಿ ಸ್ವರ ಬಿಡದೆ ಕೈಗೆ ಇಳಿಸಿಕೊಂಡ. ಕ್ಲಬ್ಬಿನಲ್ಲಿ ಮೊದಲು ಕೆಲಸ ಸಿಕ್ಕಿದ್ದೂ ಅದೇ ಸೋಲೋಗಳನ್ನು ನುಡಿಸುವುದಕ್ಕೆ. ಅವು ಮುಗಿದರೆ ಸುಮ್ಮನೆ ಕೂರಬೇಕಿತ್ತು! ಹಗಲು ಕಾರ್ಖಾನೆ, ರಾತ್ರಿ ಕ್ಲಬ್, ಹೀಗೆ ವರ್ಷಗಟ್ಟಲೆ ನಡೆಯಿತು. ರಾತ್ರಿ ಅಭ್ಯಾಸ ಮಾಡುವಾಗ ಅಕ್ಕಪಕ್ಕದವರಿಗೆ ತೊಂದರೆ ಆಗಬಾರದೆಂದು ಪ್ಲೆಕ್ಟ್ರಮ್ ಬಿಟ್ಟು ಹೆಬ್ಬೆರಳಿನಿಂದ ಮೀಟಿದರು. ಆ ಮೆತ್ತನೆಯ ನಾದವೇ ಮುಂದೆ ಅವರ ಗುರುತಾಯಿತು. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ, ಬಂಡವಾಳ ಕ್ರಿಶ್ಚಿಯನ್‌ರದು, ಲಾಭ ಮಾತ್ರ ವೆಸ್ ಸ್ವಂತ ದುಡಿದದ್ದು.

ಅವರ ಇನ್ನೊಂದು ಗುರುತು ಆಕ್ಟೇವ್, ಅಂದರೆ ಮಧ್ಯ ಸಪ್ತಕದ ಸ್ವರವನ್ನೂ ಅದರ ತಾರ ಸ್ವರವನ್ನೂ ಒಟ್ಟಿಗೆ ನುಡಿಸುವುದು. ಗಿಟಾರ್ ಇರುವವರು ಈಗಲೇ ನೋಡಬಹುದು. ಅತಿ ದಪ್ಪದ ಆರನೇ ತಂತಿಯ ಮೂರನೇ ಫ್ರೆಟ್ ಮೇಲೆ ತೋರುಬೆರಳು, ನಾಲ್ಕನೇ ತಂತಿಯ ಐದನೇ ಫ್ರೆಟ್ ಮೇಲೆ ಉಂಗುರ ಬೆರಳು ಇಡಿ. ನಡುವಿನ ಐದನೇ ತಂತಿಯನ್ನು ತೋರುಬೆರಳಿನ ಹೊಟ್ಟೆ ಸ್ವಲ್ಪ ತಾಗಿ ಸುಮ್ಮನಿರಿಸಬೇಕು. ಹೆಬ್ಬೆರಳಿನಿಂದ ಮೇಲಿನಿಂದ ಕೆಳಕ್ಕೆ ಮೀಟಿದರೆ ಎರಡು ಸ್ವರ ಮಾತ್ರ ಕೇಳಬೇಕು. ಐದನೇ ಮತ್ತು ಮೂರನೇ ತಂತಿಗೂ ಇದೇ ಅಂತರ. ನಾಲ್ಕು ಮತ್ತು ಎರಡನೇ ತಂತಿಗೆ, ಮೂರು ಮತ್ತು ಒಂದನೇ ತಂತಿಗೆ ಬಂದಾಗ ಮಾತ್ರ ಅಂತರ ಎರಡಲ್ಲ, ಮೂರು ಫ್ರೆಟ್. ಈ ಆಕಾರವನ್ನು ಮುರಿಯದೆ ಇಡೀ ಕೈಯನ್ನು ಜಾರಿಸುತ್ತಾ ಧಾಟಿ ನುಡಿಸುವುದೇ ಕಷ್ಟ. ವೆಸ್ ಅದನ್ನು ಮಾತಾಡುವಷ್ಟು ಸಲೀಸಾಗಿ ಮಾಡುತ್ತಿದ್ದರು. ಅವರ ಸೋಲೋ ಸಾಮಾನ್ಯವಾಗಿ ಒಂಟಿ ಸ್ವರದಿಂದ ಶುರುವಾಗಿ, ಆಕ್ಟೇವ್‌ಗೆ ಬಂದು, ಕೊನೆಗೆ ಇಡೀ ಕಾರ್ಡ್‌ಗಳಿಗೆ ಏರುತ್ತದೆ.

ರೆಕಾರ್ಡಿನಿಂದ ಕಲಿಯುವ ಕ್ರಮದಲ್ಲಿ ಗಿಟಾರ್ ಕೊನೆಗೆ ಬರಬೇಕು. ಮೊದಲು ಎರಡೋ ಮೂರೋ ಸೆಕೆಂಡಿನ ತುಣುಕು ಆರಿಸಿ, ಕಂಠಪಾಠ ಆಗುವವರೆಗೆ ಕೇಳಿ, ಬಾಯಲ್ಲಿ ಹಾಡಬೇಕು. ಮೊಬೈಲಿನಲ್ಲಿ ಶ್ರುತಿ ಕೆಡದಂತೆ ವೇಗ ಅರ್ಧಕ್ಕೆ ಇಳಿಸಬಹುದು; ವೆಸ್‌ಗೆ ಈ ಸೌಲಭ್ಯ ಇರಲಿಲ್ಲ. ಹಾಡಲು ಬಂದದ್ದನ್ನು ತಂತಿಯ ಮೇಲೆ ಹುಡುಕಿ, ಅದೇ ತುಣುಕನ್ನು ಎರಡು ಫ್ರೆಟ್ ಮೇಲೆ, ಮೂರು ಫ್ರೆಟ್ ಮೇಲೆ ನುಡಿಸಿ ನೋಡಬೇಕು. ಫ್ರೆಟ್ ನಂಬರ್ ಬರೆದ ಟ್ಯಾಬ್ ಹಾಳೆಗಳು ಬೇಕಾದಷ್ಟು ಸಿಗುತ್ತವೆ. ಆದರೆ ಅದು ಗೈಡ್ ನೋಡಿ ಲೆಕ್ಕ ಬರೆದ ಹಾಗೆ. ಉತ್ತರ ಬರುತ್ತದೆ, ಪರೀಕ್ಷೆಯಲ್ಲಿ ಅಂಕಿ ಬದಲಾದರೆ ಕೈ ನಿಲ್ಲುತ್ತದೆ.

ರೆಕಾರ್ಡಿಗೂ ಒಂದು ಮಿತಿ ಇದೆ. ಇದಕ್ಕೆ ಉದಾಹರಣೆ ನಮ್ಮ ಕರ್ನಾಟಕದಲ್ಲೇ ಇದೆ. ಗದಗಿನ ಬಾಲಕ ಭೀಮಸೇನ ಜೋಶಿ ಕೇಳಿ ಮರುಳಾದದ್ದು ಉಸ್ತಾದ್ ಅಬ್ದುಲ್ ಕರೀಂ ಖಾನರ ರೆಕಾರ್ಡಿಗೆ. 1933ರಲ್ಲಿ, 11ನೇ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆಬಿಟ್ಟು ಹೋದರು. ಎಲ್ಲೆಲ್ಲೋ ಸುತ್ತಿ ಕೊನೆಗೆ ತಾಲೀಮು ಸಿಕ್ಕಿದ್ದು ಹತ್ತಿರದ ಕುಂದಗೋಳದಲ್ಲಿ, ಅದೇ ಖಾನ್ ಸಾಹೇಬರ ಶಿಷ್ಯ ಸವಾಯಿ ಗಂಧರ್ವರ ಬಳಿ. ಅಲ್ಲಿ ನೀರು ಹೊತ್ತು ಸೇವೆ ಮಾಡುತ್ತಾ ಕಲಿತರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಅದೇ ಗುರುವಿನ ಬಳಿಗೆ ಹೋಗಿ ಬರುತ್ತಿದ್ದರು. ಜಿಪುಣ ದುಡ್ಡು ಖರ್ಚು ಮಾಡುವಂತೆ ಸ್ವರ ಬಳಸಬೇಕೆಂದು ಗುರುಗಳು ಕಲಿಸಿದರು ಎಂದು ಅವರು ಹೇಳುತ್ತಿದ್ದರು. ಹೀಗೆ ತಡೆದು ಹೇಳುವ ಮಾತನ್ನು ಯಾವ ರೆಕಾರ್ಡೂ ಹೇಳುವುದಿಲ್ಲ. ನಮ್ಮ ಮಣಿಕಟ್ಟು ಬಿಗಿಯಾಗಿದೆ, ಹೆಬ್ಬೆರಳು ತಪ್ಪಾಗಿ ಕೂತಿದೆ ಎಂದು ಅದು ಎಚ್ಚರಿಸುವುದೂ ಇಲ್ಲ.

ಜಾಝ್‌ನವರಿಗೂ ಇದು ಗೊತ್ತಿತ್ತು. ಜಾನ್ ಮೆಕ್‌ಲಾಫ್ಲಿನ್ ಹೆಸರಾಂತ ಗಿಟಾರಿಸ್ಟ್ ಆಗಿದ್ದಾಗಲೇ ಡಾ. ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿಯಲು ಕೂತರು. ಆಮೇಲೆ ಜಾಕಿರ್ ಹುಸೇನ್, ಎಲ್. ಶಂಕರ್ ಜೊತೆ ‘ಶಕ್ತಿ’ ತಂಡ ಕಟ್ಟಿದಾಗ, ಮೀಂಡ್ ಎಳೆಯಲು ಬರಲೆಂದು ಗಿಟಾರ್‌ನ ಫ್ರೆಟ್‌ಗಳ ನಡುವಿನ ಮರವನ್ನು ಕೊರೆಸಿ ತಗ್ಗು ಮಾಡಿಸಿದ್ದರು.

ಮೀಂಡ್ ಎಂದರೆ ತಂತಿಯನ್ನು ಪಕ್ಕಕ್ಕೆ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಹೋಗುವುದು. ಅದನ್ನು ಹತ್ತಿರದಿಂದ ನೋಡಬೇಕೆಂದರೆ ನಮಗೆ ಧಾರವಾಡ ದೂರವಲ್ಲ. ಬಂದೇ ಅಲಿ ಖಾನರ ಶಿಷ್ಯ ಉಸ್ತಾದ್ ರಹಿಮತ್ ಖಾನ್ ಅಲ್ಲಿ ನೆಲೆಸಿ ಸಿತಾರಿನ ಮನೆತನವನ್ನೇ ಬೆಳೆಸಿದರು. ಅವರ ಮೊಮ್ಮಗ ಉಸ್ತಾದ್ ಬಾಲೇಖಾನ್ (1942–2007) ಸಿತಾರನ್ನು ಹಾಡಿಸುವವರೆಂದೇ ಹೆಸರಾದವರು. ಆ ಊರಿನಲ್ಲಿ ಈಗಲೂ ಸಿತಾರ್ ಕಲಿಯುವವರಿದ್ದಾರೆ. ರಜೆಯಲ್ಲಿ ಒಂದು ವಾರ ಅಲ್ಲಿಗೆ ಹೋಗಿ, ಯಾರಾದರೂ ಒಪ್ಪಿದರೆ ಮೂಲೆಯಲ್ಲಿ ಕೂತು ಎಡಗೈ ನೋಡಬೇಕೆಂದಿದ್ದೇನೆ. ಮನೆಯಲ್ಲಿ ಕೇಳಿಯೂ ಆಯಿತು. ಅಕೌಂಟೆನ್ಸಿ ಅಂಕ ಬರಲಿ, ಆಮೇಲೆ ನೋಡೋಣ ಎಂದಿದ್ದಾರೆ ಅಬ್ಬಾ.